ಸವದತ್ತಿ ಕಡೆ ಸರಿಯುವ ಮಷೀನು

ಬೈಲಹೊಂಗಲದ ನಿಜಗುಣಪ್ಪನವರ ಕಟ್ಟಿಗೆ ಅಡ್ಡೆಯಲ್ಲಿ ಎಡಕ್ಕೆ, ಬಲಕ್ಕೆ ಎಂಬ ಮಾತನ್ನು ಯಾರೂ ಕೇಳಿರಲಾರರು. ದಿಮ್ಮಿ ಹೊರಳಿಸುವುದಿರಲಿ, ಹಲಗೆ ಸರಿಸುವುದಿರಲಿ, ಲಾರಿ ಹಿಂದಕ್ಕೆ ತೆಗೆಯುವುದಿರಲಿ, ಎಲ್ಲವೂ ಊರಿನ ಹೆಸರಿನ ಮೇಲೆಯೇ. "ಸವದತ್ತಿ ಕಡೆ ತಳ್ಳೋ! ಕಿತ್ತೂರ ಕಡೆ ಎತ್ತೋ!" ಎಂದು ಮಾಲಕರು ಕೂಗಿದರೆ ಹಮಾಲರ ಕೈ ತಾನೇ ಆ ಕಡೆ ಹೊರಳುತ್ತದೆ. ಮೂಡಲಕ್ಕೆ ಸವದತ್ತಿ, ಪಡುವಲಕ್ಕೆ ಬೆಳಗಾವಿ, ತೆಂಕಲಕ್ಕೆ ಕಿತ್ತೂರು, ಬಡಗಲಕ್ಕೆ ಗೋಕಾಕ. ಎಡ ಬಲ ಎಂಬುದು ನಿಂತವನ ಮುಖ ತಿರುಗಿದ ಹಾಗೆಲ್ಲ ತಿರುಗುತ್ತದೆ. ಸವದತ್ತಿ ಎಲ್ಲಿಗೆ ತಿರುಗೀತು? ಹೀಗೆಂದು ನಿಜಗುಣಪ್ಪನವರ ತಂದೆ ಹೇಳುತ್ತಿದ್ದರಂತೆ. ಅಪ್ಪ ಹೇಳಿದ ಮಾತನ್ನು ಬಿಡುವ ಪೈಕಿ ಅಲ್ಲ ನಮ್ಮ ನಿಜಗುಣಪ್ಪನವರು.

ಬಿಡದೆ ಹಿಡಿದುಕೊಂಡದ್ದು ಇನ್ನೂ ಒಂದಿತ್ತು. ಅವರ ಮನೆತನದಲ್ಲಿ ಮಾವನಾದವನು ಸೊಸೆಯ ಜೊತೆ ಮುಖ ಕೊಟ್ಟು ಮಾತಾಡುವುದಿಲ್ಲ. ಸಿಟ್ಟಿಲ್ಲ, ಸೆಡವಿಲ್ಲ, ಮರ್ಯಾದೆ ಅಷ್ಟೇ. ಮನೋಳಿಯಿಂದ ಐಶ್ವರ್ಯಾ ಸೊಸೆಯಾಗಿ ಬಂದ ಹೊಸತರಲ್ಲಿ ಇದು ತಿಳಿಯದೆ, "ಮಾವಾರ, ಚಹಾ ಇಡಲೇನ್ರಿ?" ಎಂದು ಕೇಳಿಬಿಟ್ಟಿದ್ದಳು. ಮಾವನವರು ಗೋಡೆಯ ಕ್ಯಾಲೆಂಡರಿನ ಕಡೆ ತಿರುಗಿ, "ಯಾರರೆ ಒಂದ ಕಪ್ ಚಹಾ ಕೊಟ್ಟರ ಬ್ಯಾಡ ಅನ್ನೂದಿಲ್ಲ ನೋಡು" ಎಂದು ಆ ಕ್ಯಾಲೆಂಡರಿಗೆ ಉತ್ತರ ಹೇಳಿದರು. ಅಂದಿನಿಂದ ಮನೆಯಲ್ಲಿ ಕ್ಯಾಲೆಂಡರು, ಕಂಬ, ಬಾಗಿಲಲ್ಲಿ ಕಟ್ಟಿದ ಎಮ್ಮೆ ಎಲ್ಲಕ್ಕೂ ಮಾವ ಸೊಸೆಯರ ಸುದ್ದಿ ಗೊತ್ತಾಗತೊಡಗಿತು. ಇವು ಯಾವುವೂ ಸಿಗದಾಗ ಅತ್ತೆ ಕೆಂಚವ್ವ ಇದ್ದೇ ಇದ್ದಳು. "ನಾ ಏನ್ ಈ ಮನಿ ಟೆಲಿಫೋನ್ ಕಂಬೇನ?" ಎಂದು ಅವಳು ಬೈಯುತ್ತಿದ್ದಳು, ಆದರೂ ಸುದ್ದಿ ಮುಟ್ಟಿಸುತ್ತಿದ್ದಳು.

ಐಶ್ವರ್ಯಾ ಕಂಪ್ಯೂಟರ್ ಡಿಪ್ಲೊಮಾ ಓದಿದ ಹುಡುಗಿ. ಮದುವೆಯಾಗಿ ಬರುವಾಗ ಸರ್ಟಿಫಿಕೇಟನ್ನು ರೇಷ್ಮೆ ಸೀರೆಗಳ ಅಡಿಗೆ ಮಡಚಿ ತಂದಿದ್ದಳು. ಅದನ್ನು ಹೊರಗೆ ತೆಗೆಯುವ ಪ್ರಸಂಗ ಬಂದೀತೆಂದು ಅವಳೇ ನಂಬಿರಲಿಲ್ಲ. ಮನೆಗೆ ಅಂಟಿಕೊಂಡೇ ಅಡ್ಡೆ. ಅಡ್ಡೆಯ ಹಿಂದಿನ ತಗಡಿನ ಶೆಡ್ಡಿನಲ್ಲಿ ನಿಜಗುಣಪ್ಪನವರು ಹುರುಪಿನಿಂದ ಕೊಂಡು ತಂದ ಸಿಎನ್‌ಸಿ ಮಷೀನು. ಬಾಗಿಲಿಗೆ, ದೇವರ ಜಗಲಿಗೆ ಬೇಕಾದ ಬಳ್ಳಿ, ಗಿಳಿ, ಕಮಲಗಳನ್ನು ಕಂಪ್ಯೂಟರಿನಲ್ಲಿ ಬರೆದು ಕೊಟ್ಟರೆ ಕಟ್ಟಿಗೆಯ ಮೇಲೆ ತಾನೇ ಕೊರೆಯುವ ಮಷೀನು ಅದು. ಅದನ್ನು ನಡೆಸುತ್ತಿದ್ದವನು ಸುನೀಲ ಎಂಬ ಆಪರೇಟರ್. ಅವನಿಗೆ ಚಹಾ ಒಯ್ಯುವ ನೆಪದಲ್ಲಿ ಐಶ್ವರ್ಯಾ ಶೆಡ್ಡಿಗೆ ಹೋಗಿ, ಒಂದೊಂದೇ ಕೇಳಿ ತಿಳಿದುಕೊಂಡಳು. ಚಿತ್ರ ಬರೆಯುವ ಕೆಲಸ ಮೆಲ್ಲಗೆ ಅವಳ ಕೈಗೆ ಬಂತು. ಅವಳು ಬರೆದ ಗಿಳಿ ಜೋಡಿ ಸಾಗವಾನಿಯ ಮೇಲೆ ಮೂಡಿ ಬಂದ ದಿನ ಅವಳಿಗೆ ರೊಟ್ಟಿ ಸೇರಲಿಲ್ಲ, ಅಷ್ಟು ಖುಷಿ. ಈ ಮನೆಯಲ್ಲಿ ಸೊಸೆ, ಹೆಂಡತಿ ಎಲ್ಲ ಆಗಿದ್ದಳು. ಆ ಶೆಡ್ಡಿನಲ್ಲಿ ಮಾತ್ರ ಅವಳು ಐಶ್ವರ್ಯಾ ಆಗಿದ್ದಳು.

ಹೀಗಿರುವಾಗ ಸುನೀಲನಿಗೆ ಬೆಳಗಾವಿಯ ಕಾರ್ಖಾನೆಯೊಂದರಲ್ಲಿ ಕೆಲಸ ಸಿಕ್ಕಿತು. ಅವನು ಕೈ ಮುಗಿದು ಹೋದ. ಮುಂದೆ ಬಂದದ್ದು ಅಮಾವಾಸ್ಯೆ.

ಅಮಾವಾಸ್ಯೆಗೆ ಅಡ್ಡೆಗೆ ಸೂಟಿ, ಕೆಲಸವಿಲ್ಲ, ಆದರೆ ಪೂಜೆ ತಪ್ಪುವಂತಿಲ್ಲ. ತಕ್ಕಡಿ, ಗರಗಸ, ಕೊಡಲಿ, ಲಾರಿ ಎಲ್ಲಕ್ಕೂ ನಿಜಗುಣಪ್ಪನವರೇ ಸ್ವಂತ ಕೈಯಿಂದ ವಿಭೂತಿ ಹಚ್ಚಬೇಕು. ಮಷೀನಿನ ಪಾಳಿ ಬಂತು. ಆರಿದ ಮಷೀನಿಗೆ ಪೂಜೆ ಮಾಡುವುದೆಂದರೆ ಮಲಗಿದವರಿಗೆ ಕುಂಕುಮ ಹಚ್ಚಿದ ಹಾಗಲ್ಲವೇ? ಹಾಗೆಂದು ಚಾಲೂ ಮಾಡಿಸಿದರು. ಕಟ್ಟಿಗೆ ಇಡುವ ಮೇಜಿನ ಮೇಲೆ ಕಾಯಿ, ಬಾಳೆಹಣ್ಣು, ಊದಿನಕಡ್ಡಿ ಇಟ್ಟರು. ಮೂರು ಬೆರಳಿಗೆ ವಿಭೂತಿ ತೊಯಿಸಿಕೊಂಡು, ಶಿವಶಿವಾ ಎಂದು ಕಣ್ಣು ಮುಚ್ಚಿ, ಮಷೀನಿನ ಸ್ಕ್ರೀನಿನ ಮೇಲೆ ಈ ತುದಿಯಿಂದ ಆ ತುದಿಗೆ ಎಳೆದರು.

ಸ್ಕ್ರೀನು ಬೆರಳು ಮುಟ್ಟಿದರೆ ನಡೆಯುವಂಥದ್ದು. ಎಳೆದ ದಾರಿಯಲ್ಲಿ ಶುರು ಮಾಡುವ ಗುಂಡಿಯೇ ಇತ್ತು.

ಮಷೀನು ಗುರ್ ಎಂದು ಎದ್ದಿತು. ಹಿಂದಿನ ಕೆಲಸದ ಗಿಳಿ ಅದರ ತಲೆಯಲ್ಲಿ ಇನ್ನೂ ಇತ್ತು. ತಿರುಗುವ ಉಳಿ ಸರಸರ ಬಂದು, ಗಿಳಿಯ ಕೊಕ್ಕು ಕೊರೆಯಬೇಕಾದ ಜಾಗದಲ್ಲಿ ಕೂತಿದ್ದ ತೆಂಗಿನಕಾಯಿಗೇ ಬಾಯಿ ಹಾಕಿತು. ಕಾಯಿ ಬುಗುರಿಯಂತೆ ತಿರುಗಿ ಹಾರಿ, ಗೋಡೆಗೆ ಬಡಿದು ಎರಡು ಹೋಳಾಯಿತು. ಬಾಳೆಹಣ್ಣು ಶೀಕರಣೆಯಾಯಿತು. ನಿಜಗುಣಪ್ಪನವರ ಮಗ ಸಂಜು ಹಾರಿ ಹೋಗಿ ಪಕ್ಕದ ಕೆಂಪು ಗುಂಡಿ ಗುದ್ದಿ ನಿಲ್ಲಿಸುವಷ್ಟರಲ್ಲಿ ಉಳಿ ಮುರಿದಿತ್ತು, ಎಲ್ಲರ ಮುಖದ ಮೇಲೂ ಕಾಯಿಯ ನೀರು. ಯಾರಿಗೂ ಏನೂ ಆಗಿರಲಿಲ್ಲ.

"ಒಡೀಬೇಕಾದ ಕಾಯಿ, ಒಡೀತು. ಮಾರಿ ಒರಸ್ಕೋರಿ" ಎಂದಳು ಕೆಂಚವ್ವ.

ನಿಜಗುಣಪ್ಪನವರು ನಗಲಿಲ್ಲ. ನಾಲ್ಕು ಹೆಜ್ಜೆ ಹಿಂದಕ್ಕೆ ಹಾರಿ ನಿಂತಿದ್ದರು. ಲಾರಿಗೆ ಲಾರಿ ದಿಮ್ಮಿ ಇಳಿಸಿದ ಮನುಷ್ಯ ತನ್ನದೇ ಮಷೀನಿಗೆ ಅಂಜಿದ್ದರು, ಅದು ಪೂಜೆಗೆ ಬಂದ ಹಮಾಲರ ಮುಂದೆ ಕಂಡುಬಿಟ್ಟಿತ್ತು. "ಸಂಜು, ಮಾಲಕಗ ನಡಸಾಕ ಬರದ ಮಷೀನ್, ಮಾಲಕನ್ನ ನಡಸತೈತಿ. ನಮಗ ಬ್ಯಾಡ ಇದು. ರಾಮದುರ್ಗದ ದುರ್ಗಪ್ಪ ಕೇಳಾಕ ಹತ್ತಿದ್ದನಲ್ಲ, ಬಂದ ನೋಡಿ ಒಯ್ಯಿ ಅಂತ ಹೇಳು."

ದುರ್ಗಪ್ಪ ಎಂದರೆ ರಾಮದುರ್ಗದಲ್ಲಿ ಬಾಗಿಲು ಕಿಟಕಿ ಮಾಡಿಸುವ ಅಂಗಡಿಯವನು. ಮುಂದಿನ ಅಮಾವಾಸ್ಯೆಗೆ ತನ್ನ ಅಂಗಡಿಯೂ ಸೂಟಿ, ಅವತ್ತೇ ಬರುತ್ತೇನೆ ಎಂದು ಫೋನಿನಲ್ಲಿ ಹೇಳಿದ. ಅವನಿಗೆ ತೋರಿಸಲೆಂದು ಸಂಜು ಮುರಿದ ಉಳಿ ತೆಗೆದು ಹೊಸದು ಹಾಕಿದ.

ಒಳಗೆ ರೊಟ್ಟಿ ಬಡಿಯುತ್ತಿದ್ದ ಐಶ್ವರ್ಯಾಳ ಕೈ ನಿಂತಿತು. ಮಷೀನು ಹೋದರೆ ಅಡ್ಡೆಗೇನೂ ನಷ್ಟವಿಲ್ಲ, ಅದು ಹಿಂದಿನಿಂದ ನಡೆದ ಅಡ್ಡೆ. ಹೋಗುವುದು ತನ್ನದು. ಸರ್ಟಿಫಿಕೇಟು ಮತ್ತೆ ಸೀರೆಯ ಅಡಿಗೇ. ಆ ರಾತ್ರಿಯ ಊಟಕ್ಕೆ ರೊಟ್ಟಿಗಳು ಒಂದೂ ದುಂಡಗೆ ಬರಲಿಲ್ಲ. ಕೆಂಚವ್ವ ನೋಡಿದಳು, ತಿಳಿದಳು.

"ನಾನೇ ನಡಸತೇನಿ ಅಂತ ಹೇಳ್ರಲಾ" ಎಂದು ಐಶ್ವರ್ಯಾ ಗಂಡನನ್ನು ಕೇಳಿದಳು.

"ನೀ ನಡಸೂದು ಬ್ಯಾರೆ ಮಾತು. ಅಪ್ಪಗ ಬೇಕಾಗಿದ್ದು ತಾ ನಡಸೂದು" ಎಂದ ಸಂಜು. "ಆ ಸ್ಕ್ರೀನ್ ನೋಡೀಯಲ್ಲ? ಇಂಗ್ಲೀಷು, ಅದೂ ಎಳ್ಳಿನಷ್ಟ ಎಳ್ಳಿನಷ್ಟ ಅಕ್ಷರ. ನನಗ ತಲಿ ತಿರಗತೈತಿ, ಇನ್ನ ಅಪ್ಪಗ?"

ಅವಳಿಗೆ ಅಲ್ಲೇ ಹೊಳೆಯಿತು. ಮಷೀನಿನ ಕಬ್ಬಿಣವನ್ನು ಬದಲಿಸಲು ಬರುವುದಿಲ್ಲ, ಸ್ಕ್ರೀನನ್ನು ಬದಲಿಸಬಹುದು. ಆ ಸಾಫ್ಟ್‌ವೇರಿನಲ್ಲಿ ಗುಂಡಿಗಳನ್ನು ಬೇಕಾದ ಕಡೆ ಇಟ್ಟು, ಬೇಕಾದ ಹೆಸರು ಕೊಡುವ ಸವಲತ್ತು ಇತ್ತು. ಸುನೀಲ ಒಮ್ಮೆ ತೋರಿಸಿದ್ದ, ಅವಳೇ ಆ ಗೊಡವೆಗೆ ಹೋಗಿರಲಿಲ್ಲ.

ಮರುದಿನ ಅಡುಗೆ ಮುಗಿಸಿ ಶೆಡ್ಡಿಗೆ ಹೋದಳು. ಸಂಜೆಯಷ್ಟರಲ್ಲಿ ಸ್ಕ್ರೀನು ಪೂರ್ತಿ ಖಾಲಿ. ಹುರುಪಿನಲ್ಲಿ ಹಳೆಯದರ ಪ್ರತಿ ತೆಗೆದಿಡದೆ ಅದರ ಮೇಲೆಯೇ ಕೈ ಆಡಿಸಿದ್ದಳು, ಒಂದು ತೆಗೆಯಲು ಹೋಗಿ ಎಲ್ಲ ತೆಗೆದುಬಿಟ್ಟಿದ್ದಳು. ಡಿಪ್ಲೊಮಾದ ಮೊದಲ ವರ್ಷದಲ್ಲೇ ಮಾಡಬಾರದು ಎಂದು ಕಲಿಸಿದ ತಪ್ಪು! ಅಳುವುದೊಂದು ಬಾಕಿ. ಸುನೀಲನಿಗೆ ಫೋನು ಹಚ್ಚಿದರೆ ಆ ಪುಣ್ಯಾತ್ಮ ಹೊಟ್ಟೆ ಹಿಡಿದುಕೊಂಡು ನಕ್ಕ. "ಅಕ್ಕಾರ, ನಾನೂ ಇದನ್ನ ಮಾಡಿದ್ದೆ. ಅದಕ್ಕ ಮೂಲದ್ದೊಂದು ಪ್ರತಿ ಬಚ್ಚಿಟ್ಟೇನಿ" ಎಂದು ಅದು ಇದ್ದ ಜಾಗ ಹೇಳಿದ. ಅಂದಿನಿಂದ ಅವಳು ಪ್ರತಿ ತೆಗೆಯದೆ ಒಂದು ಚುಕ್ಕೆಯನ್ನೂ ಸರಿಸಲಿಲ್ಲ.

ಮೊದಲು ಕನ್ನಡ ಬಂತು. ಶುರು, ತಡಿ, ನಿಲ್ಲು. ಉಳಿಯನ್ನು ಮನೆಗೆ, ಅಂದರೆ ಅದರ ಮೂಲ ಜಾಗಕ್ಕೆ ಕಳಿಸುವ ಗುಂಡಿಗೆ "ಮನಿಗೆ ಹೋಗು". ಸಂಜು ಅಪ್ಪನನ್ನು ಕರೆದು ಅದನ್ನು ತೋರಿಸಿದ ಮೇಲೆ, ಹೇಗಿದೆ ಎಂದು ಮಾವನವರನ್ನು ಕೇಳಿಕೊಂಡು ಬರಲು ಅತ್ತೆಯನ್ನು ಕಳಿಸಿದಳು. ಕೆಂಚವ್ವ ಹೋಗಿ ಬಂದು, "ಒಂದೂ ಕಾಣೂದಿಲ್ಲ ಅಂತಾರ" ಎಂದಳು. ಏನು ಕಾಣುವುದಿಲ್ಲ ಎಂದು ಮತ್ತೆ ಕಳಿಸಿದಳು. ಮತ್ತೆ ಬಂದಳು. ಮೂರನೆಯ ಸಲಕ್ಕೆ ಮೊಣಕಾಲು ಹಿಡಿದುಕೊಂಡು ಕಟ್ಟೆಯ ಮೇಲೆ ಕೂತೇಬಿಟ್ಟಳು. "ಮಾವ ಸೊಸಿ ಮರ್ಯಾದಿ ನಿಮ್ಮದು, ಮೊಣಕಾಲ ನನ್ನದು. ಇನ್ನ ನನ್ನಿಂದ ಆಗೂದಿಲ್ಲ."

ಅತ್ತೆ ಎಂಬ ಟೆಲಿಫೋನ್ ಕಂಬ ಬಿದ್ದ ಮೇಲೆ ನಿಜಗುಣಪ್ಪನವರೇ ಶೆಡ್ಡಿಗೆ ಬಂದರು. ಮಷೀನಿನ ಮುಂದೆ ಕೈ ಹಿಂದೆ ಕಟ್ಟಿ ನಿಂತು, ಬಾಗಿಲ ಹಿಂದೆ ಇದ್ದವಳಿಗೆ ಚೆನ್ನಾಗಿ ಕೇಳುವ ಹಾಗೆ ಗದರಿದರು: "ಏ ಮಷೀನಾ, ನಿನ್ನ ಅಕ್ಷರ ಇರವಿ ಸಾಲ ಇದ್ದಂಗ ಅದಾವಲ್ಲೋ! ಮುದುಕರು ಹೆಂಗ ಓದಬೇಕು?"

ಮರುದಿನ ಒಂದೊಂದು ಅಕ್ಷರವೂ ಬದನೆಕಾಯಿಯಷ್ಟು ದಪ್ಪಗಾಗಿತ್ತು. ನಿಜಗುಣಪ್ಪನವರು ಚಷ್ಮಾ ತೆಗೆದು ಕಿಸೆಗೆ ಹಾಕಿಕೊಂಡರು. ಬಾಗಿಲ ಸಂದಿಯಿಂದ ಅದನ್ನು ನೋಡಿದವಳಿಗೆ ಹೊಟ್ಟೆಯೊಳಗೆ ಹಾಲು ಹೊಯ್ದ ಹಾಗಾಯಿತು.

ಅಲ್ಲಿಂದ ಮಷೀನೇ ಅವರಿಬ್ಬರ ನಡುವಿನ ಹೊಸ ಕ್ಯಾಲೆಂಡರಾಯಿತು. ಅವರು ಮಷೀನಿಗೆ ಹೇಳುವರು, ಮಷೀನು ಮರುದಿನ ಕೇಳಿದ ಹಾಗೆ ಆಗಿರುವುದು. ಮಷೀನೂ ಅವರಿಗೆ ಹೇಳತೊಡಗಿತು. ಶುರು ಒತ್ತುವ ಮೊದಲು ಸ್ಕ್ರೀನಿನ ಮೇಲೆ "ಮಾವಾರ, ಕಟಗಿ ಬಿಗಿ ಆಗೇತೇನ್ರಿ?" ಎಂದು ಮೂಡುವುದು. ಹೌದು ಎಂದು ಒತ್ತಿದರೆ ಮಾತ್ರ ಮುಂದಕ್ಕೆ. ಇದು ಮಾವನವರಿಗೆ ಸೇರಿತು. ಸೇರಿದ್ದು ಕಂಡು ಸೊಸೆಗೆ ಸಲುಗೆ ಹೆಚ್ಚಿ, "ಚಹಾ ಆತೇನ್ರಿ? ನಾಷ್ಟಾ ಆತೇನ್ರಿ?" ಎಂದೂ ಕೇಳುವ ಹಾಗೆ ಮಾಡಿದಳು. ಉತ್ತರ ಒತ್ತದೆ ಮಷೀನು ಅಲುಗದು. "ಕೆಲಸ ಮಾಡಲೇ, ಬೀಗರಂಗ ಮಾತಾಡಬ್ಯಾಡ!" ಎಂದು ನಿಜಗುಣಪ್ಪನವರು ಗುಡುಗಿದರು. ಐಶ್ವರ್ಯಾ ನಾಲಿಗೆ ಕಚ್ಚಿಕೊಂಡು ಆ ಎರಡನ್ನೂ ತೆಗೆದಳು.

ಆದರೂ ಒಂದು ಕಡೆ ಗಾಡಿ ಸಿಕ್ಕಿಬಿದ್ದಿತ್ತು. ಉಳಿಯನ್ನು ಕಟ್ಟಿಗೆಯ ಮೂಲೆಗೆ ಸರಿಸಿ ನಿಲ್ಲಿಸಬೇಕು, ಅದಕ್ಕೆ ನಾಲ್ಕು ಬಾಣದ ಗುಂಡಿಗಳು. ಎಡ, ಬಲ, ಮುಂದೆ, ಹಿಂದೆ ಎಂದು ಬರೆದಿದ್ದಳು. ನಿಜಗುಣಪ್ಪನವರು ದಿನಾ ತಪ್ಪು ಗುಂಡಿ ಒತ್ತುವರು, ಉಳಿ ಬೇರೆ ಕಡೆ ಓಡುವುದು, ಅವರು ಮತ್ತೆ ಹಿಂದಕ್ಕೆ ಹಾರುವರು. ಒಂದು ಮುಂಜಾನೆ ಅವರು ತುಟಿಯಲ್ಲೇ ಗೊಣಗುವುದು ಅವಳಿಗೆ ಕೇಳಿಸಿತು: "ಸವದತ್ತಿ ಕಡೆ… ಸವದತ್ತಿ ಕಡೆ ಅಂದ್ರ ಇದು ಬಲಾನೋ ಎಡಾನೋ…"

ಐಶ್ವರ್ಯಾ ತನ್ನ ಹಣೆಗೆ ತಾನೇ ಹೊಡೆದುಕೊಂಡಳು. ಈ ಅಡ್ಡೆಯಲ್ಲಿ ಎಡ ಬಲ ಎಂಬುದು ಇಲ್ಲವೇ ಇಲ್ಲ! ದಿನಾ ಕೇಳಿದ ಮಾತು ಕಿವಿಯ ಮೇಲೆಯೇ ಹೋಗಿತ್ತು. ಮಷೀನಿನ ಮೇಜು ಮೂಡಲ ಪಡುವಲಕ್ಕೆ ಉದ್ದ ಮಲಗಿತ್ತು. ಮಧ್ಯಾಹ್ನದೊಳಗೆ ನಾಲ್ಕು ಗುಂಡಿಗಳ ಮೇಲೆ ನಾಲ್ಕು ಊರು ಕೂತವು: ಸವದತ್ತಿ, ಬೆಳಗಾವಿ, ಕಿತ್ತೂರ, ಗೋಕಾಕ.

ನಿಜಗುಣಪ್ಪನವರು ಬಂದು ನೋಡಿದರು. ಸವದತ್ತಿಯ ಮೇಲೆ ಬೆರಳಿಟ್ಟರು, ಉಳಿ ಮೂಡಲಕ್ಕೆ ಸರಿಯಿತು. ಕಿತ್ತೂರ ಎಂದರು, ತೆಂಕಲಕ್ಕೆ ಬಂತು. ಆಮೇಲೆ ಆ ಮನುಷ್ಯ ಮಾಡಿದ್ದೇನೆಂದರೆ, ಗುಂಡಿ ಒತ್ತುತ್ತಲೇ ಹಮಾಲರಿಗೆ ಕೂಗುವ ದನಿಯಲ್ಲಿ, "ನಡೀ ಸವದತ್ತಿಗೆ! ಸಾಕ, ತಿರಗ ಬೆಳಗಾವಿಗೆ!" ಎಂದು ಕೂಗಿ ಕೂಗಿ ಉಳಿಯನ್ನು ಇಡೀ ಜಿಲ್ಲೆ ಸುತ್ತಿಸಿದರು. ಒಮ್ಮೆಯೂ ಹಿಂದಕ್ಕೆ ಹಾರಲಿಲ್ಲ. ಬಾಗಿಲ ಹಿಂದೆ ಐಶ್ವರ್ಯಾ ಸೆರಗು ಬಾಯಿಗೆ ಒತ್ತಿಕೊಂಡು ನಕ್ಕಳು, ನಗುತ್ತಲೇ ಕಣ್ಣು ಒರೆಸಿಕೊಂಡಳು.

ಉಳಿದದ್ದು ವಿಭೂತಿ. ಸ್ಕ್ರೀನಿಗೆ ಹಚ್ಚದೆ ಮಷೀನಿನ ಕಬ್ಬಿಣದ ಕಾಲಿಗೆ ಹಚ್ಚಿದರೆ ಆಗದೇ ಎಂದು ಅತ್ತೆಯನ್ನು ಕೇಳಿದಳು.

"ಹಣಿ ಬಿಟ್ಟ ಕಾಲಿಗೆ ಯಾರರೆ ಈಬತ್ತಿ ಹಚ್ಚತಾರೇನ? ಮಾರಿ ಅಂದ್ರ ಅದ ಅಲ್ಲೇನ, ಬೆಳಕ ಬರೂದು?" ಎಂದಳು ಕೆಂಚವ್ವ.

ಅತ್ತೆಯ ಮಾತಿನಲ್ಲಿ ಖರೆ ಇತ್ತು. ಸ್ಕ್ರೀನು ಮುಖವಾದರೆ ಅದಕ್ಕೊಂದು ಹಣೆ ಬೇಕು. ಐಶ್ವರ್ಯಾ ಎಲ್ಲ ಗುಂಡಿಗಳನ್ನೂ ಕೆಳಗೆ ಇಳಿಸಿ, ಮೇಲ್ಗಡೆ ಅಗಲವಾದ ಪಟ್ಟಿಯೊಂದನ್ನು ಖಾಲಿ ಬಿಟ್ಟಳು. ಅಲ್ಲಿ ಎಷ್ಟು ಮುಟ್ಟಿದರೂ, ಎಷ್ಟು ಎಳೆದರೂ ಏನೂ ಆಗದು. ಅದರ ಕೆಳಗೆ "ಪೂಜಿ" ಎಂಬ ಗುಂಡಿ. ಅದನ್ನು ಒತ್ತಿದರೆ ಉಳಿದ ಗುಂಡಿಗಳೆಲ್ಲ ಮಲಗುವವು, ಪೂಜೆ ಮುಗಿಯಿತು ಎಂದು ಒತ್ತುವ ತನಕ ಏಳಲಾರವು.

ಕೊನೆಗೆ, ಯಾರೂ ಕೇಳದಿದ್ದರೂ ತನ್ನ ಆಸೆಗೆ ಒಂದು ಸೇರಿಸಿದಳು. ಕೊರೆಯುವ ಕೆಲಸ ಮುಗಿದಾಗ ಸ್ಕ್ರೀನು, "ಮುಗೀತ್ರಿ ಮಾವಾರ. ಛಲೋ ಆತೇನ್ರಿ?" ಎಂದು ಕೇಳುವುದು. ಕೆಳಗೆ ಎರಡು ಗುಂಡಿ: "ಛಲೋ ಆತು", "ಇಲ್ಲ". ನಿಜಗುಣಪ್ಪನವರು ಇದನ್ನು ಒಂದು ದಿನವೂ ಒತ್ತಲಿಲ್ಲ. ಕೆಲಸ ಮುಗಿದೊಡನೆ ಕಟ್ಟಿಗೆಯ ಹುಡಿ ಊದಿ, ಕೈಯಿಂದ ಸವರಿ, ಮಷೀನು ಆರಿಸಿ ಹೋಗಿಬಿಡುವರು. ಮಾರುವ ಮಾತು ಹಿಂದೆಗೆದದ್ದೂ ಇಲ್ಲ. ಹಿಂದೆಗೆದಿರೇನು ಎಂದು ಕೇಳಲು ಬೆಕ್ಕಿಗೆ ಗಂಟೆ ಕಟ್ಟುವವರು ಯಾರು? ಸಂಜು ಕೇಳಲಿಲ್ಲ, ಕೆಂಚವ್ವ ಕೇಳಲಿಲ್ಲ. ಐಶ್ವರ್ಯಾ ಕೇಳುವ ಹಾಗಿರಲಿಲ್ಲ.

ಅಮಾವಾಸ್ಯೆ ಬಂತು, ದುರ್ಗಪ್ಪನೂ ಬಂದ. ದುಂಡು ಮೈ, ದೊಡ್ಡ ನಗು, ಕೈಯಲ್ಲಿ ಮನೆಯವರಿಗೆಂದು ಪೇಢೆಯ ಪುಡಿಕೆ. ಇಷ್ಟು ಒಳ್ಳೆಯ ಮನುಷ್ಯನನ್ನು ಬೈದುಕೊಳ್ಳುವುದೂ ಕಷ್ಟವಾಯಿತಲ್ಲ ಎಂದು ಐಶ್ವರ್ಯಾಳಿಗೆ ಅನಿಸಿತು. ಅವಲಕ್ಕಿ ಚಹಾ ಆದ ಮೇಲೆ ಎಲ್ಲರೂ ಶೆಡ್ಡಿಗೆ ನಡೆದರು. ಅವಳು ತನ್ನ ಜಾಗದಲ್ಲಿ, ಬಾಗಿಲ ಹಿಂದೆ.

ನಿಜಗುಣಪ್ಪನವರು ಮಷೀನು ಚಾಲೂ ಮಾಡಿದರು. ಕಾಯಿ ಇಟ್ಟರು. ಸಂಜು ಏನೂ ಅರಿಯದವನಂತೆ ಕೆಂಪು ಗುಂಡಿಯ ಹತ್ತಿರ ಸರಿದು ನಿಂತ. ಮಾವನವರು "ಪೂಜಿ" ಒತ್ತಿ, ಮೂರು ಬೆರಳಿಗೆ ವಿಭೂತಿ ತೊಯಿಸಿ, ಕಣ್ಣು ಮುಚ್ಚಿ ಸ್ಕ್ರೀನಿನ ಹಣೆಯ ಮೇಲೆ ಎಳೆದರು. ಮಷೀನು ಮೂರು ಪಟ್ಟೆ ಹಚ್ಚಿಸಿಕೊಂಡು ಸುಮ್ಮನೆ ನಿಂತಿತ್ತು, ಪೂಜೆಗೆ ನಿಲ್ಲಿಸಿದ ಎತ್ತಿನ ಹಾಗೆ. ಕಾಯಿಯನ್ನು ಈ ಸಲ ನಿಜಗುಣಪ್ಪನವರೇ ಒಡೆದರು.

"ಒಂದ ತುಣುಕು ಮಾಡಿ ತೋರಸ್ರಿ" ಎಂದ ದುರ್ಗಪ್ಪ.

ನಿಜಗುಣಪ್ಪನವರು ಪೂಜೆ ಮುಗಿಯಿತು ಎಂದು ಒತ್ತಿ, ಸಾಗವಾನಿ ಹಲಗೆ ಇಟ್ಟು ಬಿಗಿದರು. ಸ್ಕ್ರೀನು ಕೇಳಿತು, ಅವರು ಉತ್ತರ ಒತ್ತಿದರು. "ನಡೀ ಗೋಕಾಕಕ್ಕ! ಇನ್ನೊಂಚೂರ ಸವದತ್ತಿಗೆ!" ಎಂದು ಉಳಿಯನ್ನು ಮೂಲೆಗೆ ತಂದು ನಿಲ್ಲಿಸಿದರು. ಉಳಿ ಇಳಿಯಿತು, ಹುಡಿ ಹಾರಿತು, ಹಲಗೆಯ ಮೇಲೆ ಗಿಳಿ ಜೋಡಿ ಒಂದೊಂದೇ ಗರಿಯಾಗಿ ಏಳತೊಡಗಿತು. ದುರ್ಗಪ್ಪ ಗಿಳಿ ನೋಡಲೇ ಇಲ್ಲ. ಅವನ ಕಣ್ಣು ಸ್ಕ್ರೀನಿನ ಮೇಲೆ ನೆಟ್ಟಿತ್ತು.

"ಗೌಡ್ರ, ಇಂಥಾ ಸ್ಕ್ರೀನ್ ನಾ ಹುಬ್ಬಳ್ಳಿಯಾಗೂ ನೋಡಿಲ್ಲ! ನಮ್ಮ ಹುಡುಗೂರೂ ನಡಸತಾರ ಇದನ್ನ. ಮಷೀನ್ ಖರೇ ಪಸಂದ ಐತಿ. ಈ ಸ್ಕ್ರೀನ್ ಸಮೇತ ಇವತ್ತ ಮಾತ ಮುಗಿಸೂಣು."

ಬಾಗಿಲ ಹಿಂದೆ ಐಶ್ವರ್ಯಾ ಚೌಕಟ್ಟು ಹಿಡಿದುಕೊಂಡಳು. ಮಷೀನು ಉಳಿಯಲಿ ಎಂದು ತಾನು ಮಾಡಿದ ಚೆಂದವೇ ಅದನ್ನು ಲಾರಿ ಹತ್ತಿಸುತ್ತಿತ್ತು. ಎಂಥ ಹುಚ್ಚಿ ನಾನು ಎಂದುಕೊಂಡಳು.

ನಿಜಗುಣಪ್ಪನವರು ಗಡ್ಡ ಕೆರೆದುಕೊಂಡರು. ಉಳಿ ಕೊನೆಯ ಗರಿ ಮುಗಿಸಿ ತನ್ನ ಮನೆಗೆ ಹೋಗುವುದನ್ನೇ ನೋಡಿದರು. ಆಮೇಲೆ ಕೇಳಿದರು, "ದುರ್ಗಪ್ಪಾ, ನಿಮ್ಮ ರಾಮದುರ್ಗಕ್ಕ ಸವದತ್ತಿ ಯಾವ ದಿಕ್ಕಿಗೆ ಬರತೈತಿ?"

"ಪಡುವಲಕ್ಕ. ಯಾಕ್ರಿ?"

"ಈ ಮಷೀನ್ಯಾಗ ಸವದತ್ತಿ ಮೂಡಲಕ್ಕ ಐತಿ. ನಿಮ್ಮಲ್ಲಿಗೆ ಒಯ್ದ್ರ ಇದರ ದಿಕ್ಕ ತಪ್ಪತೈತಿ. ಪಾಪ, ಎಲ್ಲಿಗೆ ಹೋಗಬೇಕು ಅದು?"

ದುರ್ಗಪ್ಪ ಗಹಗಹಿಸಿ ನಕ್ಕ. "ಹೆಸರ ಬದಲಿ ಮಾಡಿದ್ರ ಆತಲ್ರಿ!"

"ಬದಲಿ ಮಾಡಾವರು ಇಲ್ಲೇ ಇರತಾರ. ಅವರನ್ನ ಹೆಂಗ ಕೊಡಲಿ ನಿನಗ?" ಎಂದರು ನಿಜಗುಣಪ್ಪನವರು. "ಮಷೀನ್ ಕೊಡೂದಿಲ್ಲಪಾ. ನೀ ಬ್ಯಾರೆ ತಗೋ, ಸ್ಕ್ರೀನ್ ನಮ್ಮಲ್ಲಿ ಮಾಡಿಸಿಕೊಂಡ ಹೋಗು. ನಿನಗ ಬೇಕಾದ ಊರ ಹಾಕಿ ಕೊಡತೇವಿ."

"ಅದೂ ಆಗಲಿ. ಯಾರ್ರಿ ಮತ್ತ ಅವರು, ಮಾಡಿದಾವರು?"

ಸ್ಕ್ರೀನಿನ ಮೇಲೆ ವಿಭೂತಿಯ ಕೆಳಗೆ ಆ ಮಾತು ಮೂಡಿ ನಿಂತಿತ್ತು: "ಮುಗೀತ್ರಿ ಮಾವಾರ. ಛಲೋ ಆತೇನ್ರಿ?" ನಿಜಗುಣಪ್ಪನವರು ಅದನ್ನು ಓದಿದರು. ಗುಂಡಿಯ ಕಡೆ ಬೆರಳು ಹೋಯಿತು, ಹೋದದ್ದು ಅರ್ಧಕ್ಕೆ ನಿಂತಿತು. ಅವರು ಮಷೀನಿಗೆ ಬೆನ್ನು ಕೊಟ್ಟು ತಿರುಗಿದರು. ಕ್ಯಾಲೆಂಡರು ನೋಡಲಿಲ್ಲ, ಕಂಬ ನೋಡಲಿಲ್ಲ. ಬಾಗಿಲ ಕಡೆ, ನೇರ ಅವಳ ಮುಖ ನೋಡಿದರು.

"ಛಲೋ ಆತವಾ, ಐಶ್ವರ್ಯಾ" ಎಂದರು. "ಭಾಳ ಛಲೋ ಆತು. ಬಾ ಹೊರಗ. ಇವರಿಗೊಂದು ಸ್ಕ್ರೀನ್ ಬೇಕಂತ, ಏನ್ ಬೇಕು ಎತ್ತ ಬೇಕು ನೀನ ಕೇಳ್ಕೋ."

ಮದುವೆಯಾಗಿ ಬಂದಂದಿನಿಂದ ಮಾವನ ಬಾಯಲ್ಲಿ ತನ್ನ ಹೆಸರನ್ನು ಅವಳು ಕೇಳಿದ್ದು ಇದೇ ಮೊದಲು. "ಆತ್ರಿ ಮಾವಾರ" ಎನ್ನುವ ಹಾಗೆ ತಲೆ ಆಡಿಸಿದಳು. ಹೊಸ್ತಿಲು ದಾಟಿ ಬೆಳಕಿಗೆ ಬಂದಳು.

"ಶಿವನ, ನನ್ನ ಕಂಬದ ಕೆಲಸ ಇವತ್ತಿಗೆ ಮುಗೀತು" ಎಂದು ಕೆಂಚವ್ವ ಪೇಢೆಯ ಪುಡಿಕೆ ಬಿಚ್ಚಿ, ಮೊದಲನೆಯದನ್ನು ಸೊಸೆಯ ಬಾಯಿಗೇ ಇಟ್ಟಳು.

ದುರ್ಗಪ್ಪ ಹೋದ ಮೇಲೆ ಐಶ್ವರ್ಯಾ ಸ್ಕ್ರೀನಿನಿಂದ ಒಂದನ್ನು ತೆಗೆದುಹಾಕಿದಳು, ಆ ಕೊನೆಯ ಪ್ರಶ್ನೆಯನ್ನು. ಮರುದಿನ ಬಾಗಿಲ ಪಟ್ಟಿಯೊಂದನ್ನು ಮಾವನವರು ಕೊರೆದು ಮುಗಿಸಿದಾಗ ಸ್ಕ್ರೀನು ಏನೂ ಕೇಳಲಿಲ್ಲ. ಪಕ್ಕದಲ್ಲೇ ಸ್ಟೂಲಿನ ಮೇಲೆ ಕೂತಿದ್ದ ಸೊಸೆ ತಾನೇ ಕೇಳಿದಳು.